ಎಳೆದಷ್ಟೂ ಬಿಗಿಯುವ ಕೊಂಡಿ

ಚರ್ಮರೋಗ ವಿಭಾಗದಲ್ಲಿ ಒಂದು ಪರೀಕ್ಷೆಯಿದೆ. ಅದಕ್ಕೆ ಯಂತ್ರ ಬೇಡ, ಸೂಜಿ ಬೇಡ. ಮೈಮೇಲೆ ಗುಳ್ಳೆ ಎದ್ದಿರುವ ರೋಗಿಯ ಪಕ್ಕ ಕೂತ ವೈದ್ಯರು, ಗುಳ್ಳೆಯಿಲ್ಲದ, ನೋಡಲು ನೆಟ್ಟಗಿರುವ ಜಾಗದಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಪಕ್ಕಕ್ಕೆ ಜರುಗಿಸುತ್ತಾರೆ. ಆರೋಗ್ಯವಂತರ ಚರ್ಮ ಬೆರಳಿನ ಜೊತೆ ಚೂರು ಸರಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಪೆಂಫಿಗಸ್ ಕಾಯಿಲೆಯವರಲ್ಲಿ ಮೇಲಿನ ಪದರ ಜಾರಿ ಕಳಚಿಕೊಂಡುಬಿಡುತ್ತದೆ, ಅಡಿಯಲ್ಲಿ ಕೆಂಪಗಿನ ಹಸಿ ಪದರ ಕಾಣುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಇದನ್ನು ವಿವರಿಸಿದವರು ಪ್ಯೋತರ್ ನಿಕೊಲ್ಸ್ಕಿ ಎಂಬ ವೈದ್ಯರು. ಈ ಲಕ್ಷಣಕ್ಕೆ ಇಂದಿಗೂ ಅವರದೇ ಹೆಸರು.

ಕಳಚಿದ ಜಾಗದ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ಮೊದಲಿಗೆ ಅಚ್ಚರಿಯಾಗುವುದು ಒಂದು ಕಾರಣಕ್ಕೆ: ಜೀವಕೋಶಗಳು ಒಡೆದಿರುವುದಿಲ್ಲ. ಒಂದೊಂದೂ ಇಡಿಯಾಗಿಯೇ ಇದೆ. ಆದರೆ ಅಕ್ಕಪಕ್ಕದ ಕೋಶಗಳ ಹಿಡಿತ ತಪ್ಪಿ, ದುಂಡಗಾಗಿ, ಗುಳ್ಳೆಯ ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿವೆ. ಹೊರಚರ್ಮದ ತೀರ ಕೆಳಗಿನ ಒಂದು ಸಾಲು ಮಾತ್ರ ಅಡಿಪದರವನ್ನು ಕಚ್ಚಿಕೊಂಡು ಹಾಗೇ ನಿಂತಿದೆ. ಅಂದರೆ ಕೆಟ್ಟಿರುವುದು ಕೋಶವೂ ಅಲ್ಲ, ಕೋಶ ಕೂತಿರುವ ನೆಲವೂ ಅಲ್ಲ. ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಇದ್ದ ಏನೋ ಒಂದು. ಈ ಅಧ್ಯಾಯ ಆ ‘ಏನೋ ಒಂದ’ರ ಕುರಿತು.

ನಮ್ಮ ದೇಹದ ಹೊರಮೈಯನ್ನೂ ಒಳಗಿನ ಎಲ್ಲ ಕೊಳವೆ, ಚೀಲ, ಗ್ರಂಥಿಗಳನ್ನೂ ಹೊದ್ದುಕೊಂಡಿರುವ ಜೀವಕೋಶಗಳ ಹಾಳೆಗೆ ಎಪಿಥೀಲಿಯಂ ಎಂದು ಹೆಸರು. ಚರ್ಮದ ಮೇಲ್ಪದರ, ಬಾಯಿಯ ಒಳಗೋಡೆ, ಜಠರ, ಕರುಳು, ಮೂತ್ರಕೋಶ, ಸ್ತನದ ಹಾಲಿನ ನಾಳ, ಶ್ವಾಸನಾಳ, ಎಲ್ಲಕ್ಕೂ ಇದೇ ಹೊದಿಕೆ. ಎಲ್ಲೋ ಒಂದೇ ಸಾಲಿನ ಕೋಶಗಳು, ಎಲ್ಲೋ ಹತ್ತಾರು ಸಾಲು. ಈ ಹಾಳೆ ಪಡುವ ಪಾಡನ್ನು ಸ್ವಲ್ಪ ಯೋಚಿಸಿ. ಉಂಡ ಅನ್ನವನ್ನು ಸಣ್ಣಕರುಳು ಹಿಂಡುತ್ತ ಮುಂದೆ ದೂಡುತ್ತದೆ, ಮೂತ್ರಕೋಶ ಹಿಗ್ಗುತ್ತದೆ, ಕುಗ್ಗುತ್ತದೆ, ಅಂಗಾಲು ದಿನವಿಡೀ ದೇಹದ ಭಾರ ಹೊರುತ್ತದೆ. ಹಾಳೆ ಎಲ್ಲೂ ಹರಿಯಬಾರದು. ಅದೇ ಹೊತ್ತಿಗೆ, ಅದರ ಕೋಶಗಳು ಸುಮ್ಮನೆ ಒಂದೆಡೆ ಕೂತಿರುವುದೂ ಇಲ್ಲ. ಸಣ್ಣಕರುಳಿನ ಒಳಹೊದಿಕೆ ಮೂರರಿಂದ ಐದು ದಿನಗಳಲ್ಲಿ ಪೂರ್ತಿ ಹೊಸದಾಗುತ್ತದೆ. ತಗ್ಗಿನಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಸರಿಯುತ್ತ ಹೋಗಿ ತುದಿಯಲ್ಲಿ ಉದುರುತ್ತದೆ. ಬಿಡದಂತೆ ಹಿಡಿದಿರಬೇಕು, ಆದರೂ ಜಾಗ ಬದಲಿಸುತ್ತಲೇ ಇರಬೇಕು. ಒಂದಕ್ಕೊಂದು ವಿರುದ್ಧವಾದ ಈ ಎರಡು ಬೇಡಿಕೆಗಳನ್ನು ಒಂದೇ ಕೊಂಡಿ ಪೂರೈಸುತ್ತದೆ. ಬರಿಯ ಅಂಟಿನಿಂದ ಇದು ಸಾಧ್ಯವಿಲ್ಲ.

ಆ ಕೊಂಡಿಗಳು ಎಲ್ಲಿವೆ, ಹೇಗೆ ಜೋಡಿಸಲ್ಪಟ್ಟಿವೆ ಎಂಬುದು ಸ್ಪಷ್ಟವಾಗಿ ಕಂಡದ್ದು 1963ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಮೆರಿಲಿನ್ ಫಾರ್ಕರ್ ಮತ್ತು ಜಾರ್ಜ್ ಪಲಾಡೆ, ಇಲಿ ಹಾಗೂ ಗಿನಿಪಿಗ್‌ಗಳ ಹಲವು ಅಂಗಗಳ ಹೊದಿಕೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಪರಿಶೀಲಿಸಿದರು. ಅಂಗ ಯಾವುದಾದರೇನು, ಎರಡು ಕೋಶಗಳು ತಾಗುವ ಗೋಡೆಯ ಮೇಲ್ತುದಿಯಲ್ಲಿ ಒಂದೇ ಕ್ರಮ ಕಂಡಿತು. ತೀರ ಮೇಲೆ ಎರಡು ಪೊರೆಗಳು ಬೆಸೆದುಕೊಂಡಂತಿರುವ ಪಟ್ಟಿ, ಟೈಟ್ ಜಂಕ್ಷನ್. ಕೋಶಗಳ ಸಂದಿಯಲ್ಲಿ ನೀರು, ಲವಣ ಸೋರದಂತೆ ತಡೆಯುವುದು ಇದರ ಕೆಲಸ. ಅದರ ಕೆಳಗೆ ಕೋಶವನ್ನು ಸುತ್ತುವರಿದ ಇನ್ನೊಂದು ಪಟ್ಟಿ, ಅಧೆರೆನ್ಸ್ ಜಂಕ್ಷನ್. ಇಲ್ಲಿ ಪೊರೆಗಳು ಕೂಡಿಲ್ಲ, ನಡುವೆ ಸುಮಾರು 20 ನ್ಯಾನೋಮೀಟರ್ ತೆರವಿದೆ. ಇನ್ನೂ ಕೆಳಗೆ ಅಲ್ಲಲ್ಲಿ ಬಿಡಿ ಚುಕ್ಕೆಗಳು, ಡೆಸ್ಮೊಸೋಮ್. ಅವುಗಳ ಎರಡೂ ಬದಿಯಲ್ಲಿ ಕಪ್ಪನೆಯ ದಪ್ಪ ತಟ್ಟೆ, ತಟ್ಟೆಗೆ ಬಂದು ಸೇರುವ ಎಳೆಗಳ ಕಟ್ಟು. ಹಿಡಿದಿಡುವ ಕೆಲಸ ಮುಖ್ಯವಾಗಿ ಕೊನೆಯ ಎರಡರದು.

ಆ 20 ನ್ಯಾನೋಮೀಟರ್ ತೆರವೇ ನನಗೆ ಇಡೀ ಕತೆಯಲ್ಲಿ ಕುತೂಹಲದ ಜಾಗ. ಚಿತ್ರದಲ್ಲಿ ಅದು ಹೆಚ್ಚು ಕಡಿಮೆ ಖಾಲಿಯಾಗಿ ಕಾಣುತ್ತದೆ. ಆದರೆ ಎಳೆದಾಟವನ್ನೆಲ್ಲ ತಡೆಯುತ್ತಿರುವುದು ಆ ಖಾಲಿ ಜಾಗದಲ್ಲಿರುವ ಯಾವುದೋ ಅಣು.

ಅದು ಕೈಗೆ ಸಿಕ್ಕಿದ್ದು ಒಂದು ಪ್ರಯೋಗ ಕೈಕೊಟ್ಟಿದ್ದರಿಂದ. ಕ್ಯೋಟೋ ವಿಶ್ವವಿದ್ಯಾಲಯದ ಮಸತೋಶಿ ತಕೇಯಿಚಿ 1970ರ ದಶಕದ ನಡುವೆ ಅಮೆರಿಕದ ಬಾಲ್ಟಿಮೋರ್‌ಗೆ, ಕಾರ್ನೆಗಿ ಸಂಸ್ಥೆಯ ಭ್ರೂಣಶಾಸ್ತ್ರ ವಿಭಾಗಕ್ಕೆ ಹೋದರು. ಕ್ಯೋಟೋದಲ್ಲಿ ಅವರು ಮಾಡುತ್ತಿದ್ದ ಕೆಲಸ ಹೀಗೆ: ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಸುವುದು, ಬಿಡಿ ಕೋಶಗಳನ್ನು ದ್ರಾವಣದಲ್ಲಿ ಮೆಲ್ಲಗೆ ಅಲುಗಾಡಿಸುತ್ತ ಅವು ಮತ್ತೆ ಗುಂಪುಗೂಡುವುದನ್ನು ನೋಡುವುದು. ಟ್ರಿಪ್ಸಿನ್ ಪ್ರೋಟೀನುಗಳನ್ನು ತುಂಡರಿಸುವ ಕಿಣ್ವ. ಬಾಲ್ಟಿಮೋರ್‌ನಲ್ಲಿ ಅದೇ ಬಗೆಯ ಪ್ರಯೋಗ ಮಾಡಿದರೆ ಕೋಶಗಳು ಕೂಡಲೇ ಇಲ್ಲ. ಅಲುಗಾಡಿಸಿದಷ್ಟು ಹೊತ್ತೂ ಬಿಡಿಬಿಡಿಯಾಗಿಯೇ ಉಳಿದವು.

ಇಂಥ ಹೊತ್ತಿನಲ್ಲಿ ಬಹಳ ಮಂದಿ ಹಳೆಯ ವಿಧಾನಕ್ಕೆ ಮರಳಿ ಮುಂದಕ್ಕೆ ಹೋಗಿಬಿಡುತ್ತಾರೆ. ತಕೇಯಿಚಿ ಎರಡೂ ಪ್ರಯೋಗಾಲಯಗಳ ಬಾಟಲಿಗಳನ್ನು ಹೋಲಿಸಿದರು. ವ್ಯತ್ಯಾಸ ಸಿಕ್ಕಿದ್ದು ಟ್ರಿಪ್ಸಿನ್ ದ್ರಾವಣದಲ್ಲಿ. ಬಾಲ್ಟಿಮೋರ್‌ನವರು ಅದಕ್ಕೆ ಇಡಿಟಿಎ ಬೆರೆಸುತ್ತಿದ್ದರು. ಅದು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕ. ಕೋಶಗಳನ್ನು ಚೆನ್ನಾಗಿ ಬಿಡಿಸಲೆಂದು ಹಾಕುವುದು ಅಲ್ಲಿನ ರೂಢಿ. ಕ್ಯೋಟೋದ ದ್ರಾವಣದಲ್ಲಿ ಅದು ಇರಲಿಲ್ಲ.

ಇದರಿಂದ ಅವರು ಮಾಡಿದ ಊಹೆ ಚಂದದ್ದು. ಕೋಶದ ಮೈಮೇಲೆ ಅಂಟುವ ಪ್ರೋಟೀನೊಂದು ಇರಬೇಕು. ಕ್ಯಾಲ್ಸಿಯಂ ಸುತ್ತಲಿದ್ದರೆ ಅದು ಟ್ರಿಪ್ಸಿನ್‌ಗೂ ಬಗ್ಗದಷ್ಟು ಗಟ್ಟಿಯಾಗಿ ಮಡಚಿಕೊಂಡಿರುತ್ತದೆ. ಕ್ಯಾಲ್ಸಿಯಂ ತೆಗೆದರೆ ಸಡಿಲಾಗಿ ಕಿಣ್ವದ ಬಾಯಿಗೆ ಬೀಳುತ್ತದೆ. ಕ್ಯೋಟೋದಲ್ಲಿ ಅದು ಉಳಿದುಕೊಳ್ಳುತ್ತಿತ್ತು, ಬಾಲ್ಟಿಮೋರ್‌ನಲ್ಲಿ ಕತ್ತರಿಸಿಹೋಗುತ್ತಿತ್ತು. 1977ರಲ್ಲಿ ಪ್ರಕಟವಾದ ಅವರ ಲೇಖನ ಕೋಶಗಳು ಅಂಟುವ ಎರಡು ಬಗೆಗಳನ್ನು ಬೇರ್ಪಡಿಸಿತು: ಕ್ಯಾಲ್ಸಿಯಂ ಬೇಕಾದದ್ದು, ಬೇಡವಾದದ್ದು. ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾ ಜಾಕೋಬ್ ಅವರ ಬಳಿ ಕೆಲಸ ಮಾಡುತ್ತಿದ್ದ ರಾಲ್ಫ್ ಕೆಮ್ಲರ್, ಬೇರೆಯದೇ ದಾರಿಯಿಂದ ಇದೇ ಅಣುವಿನ ಹತ್ತಿರ ಬಂದಿದ್ದರು. ಎಂಟು ಕೋಶಗಳ ಹಂತದಲ್ಲಿ ಇಲಿಯ ಭ್ರೂಣದಲ್ಲಿ ಒಂದು ಬದಲಾವಣೆ ಆಗುತ್ತದೆ. ಅಲ್ಲಿಯವರೆಗೆ ಸಡಿಲವಾಗಿ ಗುಂಪುಗೂಡಿದ್ದ ಉರುಟು ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ನಡುವಿನ ಗೆರೆಯೇ ಮಸುಕಾಗುವಷ್ಟು ಒಂದಾಗುತ್ತವೆ. ಕೆಮ್ಲರ್ ತಯಾರಿಸಿದ ಪ್ರತಿಕಾಯ ಹಾಕಿದಾಗ ಈ ಒತ್ತಿಕೊಳ್ಳುವಿಕೆ ನಿಂತಿತು.

ತಕೇಯಿಚಿ 1984ರಲ್ಲಿ ಆ ಪ್ರೋಟೀನಿಗೆ ಕ್ಯಾಡ್‌ಹೆರಿನ್ ಎಂದು ಹೆಸರಿಟ್ಟರು; ಎಪಿಥೀಲಿಯಂನಲ್ಲಿ ಸಿಗುವುದು ಇ-ಕ್ಯಾಡ್‌ಹೆರಿನ್. 1987ರಲ್ಲಿ ಅವರ ಪ್ರಯೋಗಾಲಯದ ಅಕಿರಾ ನಗಾಫುಚಿ ಮತ್ತು ಜೊತೆಗಾರರು ಅದರ ಜೀನನ್ನು ‘ಎಲ್’ ಕೋಶಗಳೆಂಬ, ಸ್ವಭಾವತಃ ಒಂದಕ್ಕೊಂದು ಅಂಟದ ಇಲಿಯ ಕೋಶಗಳಿಗೆ ಸೇರಿಸಿದರು. ಚದುರಿ ಹರಡಿಕೊಳ್ಳುತ್ತಿದ್ದ ಕೋಶಗಳು ಒತ್ತಾಗಿ ಸೇರಿಕೊಂಡವು. ಒಂದೇ ಒಂದು ಪ್ರೋಟೀನ್ ಸಾಕಾಯಿತು! ಮರುವರ್ಷ ಇನ್ನೊಂದು ಹೆಜ್ಜೆ: ಕೆಲವು ಕೋಶಗಳಿಗೆ ಇ-ಕ್ಯಾಡ್‌ಹೆರಿನ್, ಕೆಲವಕ್ಕೆ ಅದೇ ಕುಟುಂಬದ ಪಿ-ಕ್ಯಾಡ್‌ಹೆರಿನ್ ಕೊಟ್ಟು ಎರಡನ್ನೂ ಕಲಸಿದರೆ, ಅವು ತಮ್ಮ ತಮ್ಮ ಬಗೆಯವನ್ನು ಹುಡುಕಿಕೊಂಡು ಬೇರೆ ಬೇರೆ ಗುಂಪಾದವು. ಭ್ರೂಣದಲ್ಲಿ ನರದ ಕೋಶಗಳು ಚರ್ಮದ ಕೋಶಗಳಿಂದ ಬೇರ್ಪಟ್ಟು ತಮ್ಮದೇ ಅಂಗ ಕಟ್ಟುವುದರ ಹಿಂದೆ ಇಂಥ ಆಯ್ಕೆ ಕೆಲಸ ಮಾಡುತ್ತದೆ. 2020ರಲ್ಲಿ ತಕೇಯಿಚಿ, ಕೆಮ್ಲರ್ ಇಬ್ಬರಿಗೂ ಕೆನಡಾದ ಗೈರ್ಡ್‌ನರ್ ಪ್ರಶಸ್ತಿ ಬಂತು.

ಈಗ ಈ ಅಣುವನ್ನು ಹತ್ತಿರದಿಂದ ನೋಡೋಣ. ಕೋಶದ ಪೊರೆಯಿಂದ ಹೊರಕ್ಕೆ ಚಾಚಿಕೊಂಡಿರುವ ಅದರ ಭಾಗದಲ್ಲಿ ಒಂದರ ಮುಂದೊಂದು ಐದು ಘಟಕಗಳಿವೆ. ಎರಡು ಘಟಕ ಸೇರುವ ಪ್ರತಿ ಸಂದಿನಲ್ಲೂ ಮೂರು ಕ್ಯಾಲ್ಸಿಯಂ ಅಯಾನುಗಳು ಕೂತಿರುತ್ತವೆ. ಅವು ಇದ್ದಾಗ ಐದೂ ಘಟಕಗಳು ಸೇರಿ ಬಾಗಿದ, ಗಡುಸಾದ ಒಂದು ಕಡ್ಡಿ; ಇಲ್ಲದಾಗ ಸಂದುಗಳೆಲ್ಲ ಬಳುಕುತ್ತವೆ. ಬಾಲ್ಟಿಮೋರ್‌ನ ಬಾಟಲಿಯಲ್ಲಿ ಆದದ್ದು ಇದೇ. ಕಡ್ಡಿಯ ತುದಿಯ ಘಟಕದಲ್ಲಿ, ಮೊದಲಿನಿಂದ ಎರಡನೆಯ ಸ್ಥಾನದಲ್ಲಿ, ಟ್ರಿಪ್ಟೋಫ್ಯಾನ್ ಎಂಬ ದೊಡ್ಡ ಅಮೈನೋ ಆಮ್ಲವಿದೆ. ಎದುರು ಕೋಶದ ಕ್ಯಾಡ್‌ಹೆರಿನ್ನಿನಲ್ಲಿ ಅದು ಕೂರಲು ತಕ್ಕ ಗುಳಿಯಿದೆ. ಎರಡು ಕ್ಯಾಡ್‌ಹೆರಿನ್ ಎದುರಾದಾಗ ಇದರ ಟ್ರಿಪ್ಟೋಫ್ಯಾನ್ ಅದರ ಗುಳಿಗೆ, ಅದರದು ಇದರ ಗುಳಿಗೆ. ಅದಲುಬದಲು, ಅಷ್ಟೇ ಹಿಡಿತ.

ಈ ಹಿಡಿತ ಅಳೆದವರಿಗೆ ಅದು ತೀರ ದುರ್ಬಲ ಎಂದು ಗೊತ್ತಾಯಿತು. ಪ್ರತಿಕಾಯವೊಂದು ತನ್ನ ಗುರಿಯನ್ನು ಹಿಡಿಯುವ ಬಿಗಿಗೆ ಹೋಲಿಸಿದರೆ ಸಾವಿರಾರು ಪಟ್ಟು ಕಡಿಮೆ. ಎದುರಿನ ಗುಳಿಗೆ ಹೋಗುವ ಟ್ರಿಪ್ಟೋಫ್ಯಾನ್ ತನ್ನದೇ ಅಣುವಿನ ಗುಳಿಯಲ್ಲೂ ಕೂರಬಲ್ಲದು. ಎರಡು ಸ್ಥಿತಿಗಳ ನಡುವೆ ಶಕ್ತಿಯ ವ್ಯತ್ಯಾಸ ಅಲ್ಪ. ಹಾಗಾಗಿ ಒಂದೊಂದು ಜೋಡಿಯೂ ಕ್ಷಣಕಾಲ ಕೂಡಿ ಬಿಡುತ್ತದೆ, ಮತ್ತೆ ಕೂಡುತ್ತದೆ. ಹೀಗಿದ್ದರೂ ಹಾಳೆ ಹರಿಯದೆ ಉಳಿಯುವುದು ಜೋಡಿಗಳು ಗುಂಪಾಗಿ ಒತ್ತೊತ್ತಾಗಿ ನಿಲ್ಲುವುದರಿಂದ. ಒಂದು ಬಿಡುವ ಹೊತ್ತಿಗೆ ಪಕ್ಕದವು ಹಿಡಿದಿರುತ್ತವೆ. ಒಂದೊಂದೂ ಬಲವಾಗಿದ್ದಿದ್ದರೆ ಕರುಳಿನ ಕೋಶ ತನ್ನ ತಗ್ಗಿನಿಂದ ತುದಿಗೆ ಸರಿಯುವುದು ಸಾಧ್ಯವೇ ಆಗುತ್ತಿರಲಿಲ್ಲ. ವಿಕಾಸ ಈ ಬಲಹೀನತೆಯನ್ನು ಉಳಿಸಿಕೊಂಡು ಬಂದಿರುವುದು ಅದು ಉಪಯೋಗಕ್ಕೆ ಬರುತ್ತದೆ ಎಂಬ ಕಾರಣಕ್ಕೇ ಎಂದು ನನ್ನ ದೃಢವಾದ ನಂಬಿಕೆ.

ಈ ತುದಿಯ ಘಟಕದ ಗುಟ್ಟು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಕ್ಕೂ ಗೊತ್ತು. ಕೆಟ್ಟ ಆಹಾರದ ಮೂಲಕ ಕರುಳಿಗೆ ಬರುವ ಈ ರೋಗಾಣು ಕೋಶದೊಳಗೆ ನುಗ್ಗಲು ಹಿಡಿಯುವುದು ಇ-ಕ್ಯಾಡ್‌ಹೆರಿನ್ನನ್ನೇ ಎಂದು ಪ್ಯಾಸ್ಕಲ್ ಕೊಸಾರ್ ಅವರ ತಂಡ 1996ರಲ್ಲಿ ತೋರಿಸಿತು. ಹಾಗಾದರೆ ಪ್ರಯೋಗಾಲಯದ ಇಲಿಗೆ ಇದನ್ನು ಉಣಿಸಿದರೆ ಮನುಷ್ಯನಲ್ಲಿ ಆದಂತೆ ಕರುಳು ದಾಟಿ ಯಾಕೆ ನುಗ್ಗುವುದಿಲ್ಲ? ಉತ್ತರ 1999ರಲ್ಲಿ ಬಂತು. ಮನುಷ್ಯನ ಇ-ಕ್ಯಾಡ್‌ಹೆರಿನ್ನಿನ 16ನೆಯ ಸ್ಥಾನದಲ್ಲಿ ಪ್ರೋಲೀನ್ ಇದೆ, ಇಲಿಯಲ್ಲಿ ಅದೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ. ಆ ಒಂದೇ ಅಮೈನೋ ಆಮ್ಲದಿಂದ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಕೋಶಗಳು ಕೂಡಿ ಬಾಳುವುದಕ್ಕೂ ಮೊದಲು ಈ ಅಣುವಿನ ಪೂರ್ವಜರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೂ ಬ್ಯಾಕ್ಟೀರಿಯಾ ಸುಳಿವು ಕೊಡುತ್ತದೆ. ಪ್ರಾಣಿಗಳ ಹತ್ತಿರದ ಏಕಕೋಶ ಬಂಧುಗಳಾದ ಕೋಯನೊಫ್ಲಾಜೆಲೇಟ್‌ಗಳಲ್ಲಿ ಒಂದಾದ ಮೊನೊಸಿಗ ಬ್ರೆವಿಕೊಲಿಸ್‌ನಲ್ಲಿ 23 ಕ್ಯಾಡ್‌ಹೆರಿನ್ ಜೀನುಗಳಿವೆ ಎಂದು 2008ರಲ್ಲಿ ನಿಕೋಲ್ ಕಿಂಗ್ ಅವರ ಗುಂಪು ಕಂಡುಕೊಂಡಿತು. ಅವುಗಳ ಕೆಲವು ಪ್ರೋಟೀನುಗಳು ಈ ಜೀವಿ ಬ್ಯಾಕ್ಟೀರಿಯಾ ಹಿಡಿದು ತಿನ್ನುವ ಕೊರಳಪಟ್ಟಿಯ ಜಾಗದಲ್ಲೇ ಇದ್ದವು. ಒಂಟಿ ಜೀವಿ ಊಟಕ್ಕಾಗಿ ಬಳಸುತ್ತಿದ್ದ ಕೊಕ್ಕೆಯೇ ಮುಂದೆ ಕೋಶ-ಕೋಶಗಳ ನಂಟಾಗಿ ಬದಲಾಗಿರಬಹುದು.

ಕೋಶದ ಹೊರಗಿನ ಮಾತಾಯಿತು. ಎಳೆತ ತಡೆಯಬೇಕಾದರೆ ಕ್ಯಾಡ್‌ಹೆರಿನ್ನಿನ ಒಳತುದಿ ಕೋಶದೊಳಗಿನ ಗಟ್ಟಿಯಾದ ಯಾವುದಕ್ಕಾದರೂ ಬಿಗಿದಿರಬೇಕು. ಇಲ್ಲದಿದ್ದರೆ ಎಳೆದೊಡನೆ ಅದು ಪೊರೆಯಿಂದಲೇ ಕಿತ್ತುಬರುತ್ತದೆ. ಗಟ್ಟಿಯಾದದ್ದೆಂದರೆ ಆಕ್ಟಿನ್ ಎಳೆಗಳು. ನಡುವಿನ ಜೋಡಣೆ ಮಾಡುವ ಪ್ರೋಟೀನುಗಳನ್ನು 1989ರಲ್ಲಿ ಕೆಮ್ಲರ್ ಗುಂಪು ಗುರುತಿಸಿ ಕ್ಯಾಟೆನಿನ್ ಎಂದು ಕರೆಯಿತು. ಕ್ಯಾಡ್‌ಹೆರಿನ್ನಿನ ಬಾಲಕ್ಕೆ ಬೀಟಾ-ಕ್ಯಾಟೆನಿನ್, ಅದಕ್ಕೆ ಆಲ್ಫಾ-ಕ್ಯಾಟೆನಿನ್, ಅದಕ್ಕೆ ಆಕ್ಟಿನ್ ಎಳೆ. ಮುಂದಿನ ಹದಿನೈದು ವರ್ಷ ಎಲ್ಲ ಪಠ್ಯಪುಸ್ತಕಗಳಲ್ಲೂ ಈ ಸರಪಳಿಯ ಚಿತ್ರ ಅಚ್ಚಾಗುತ್ತ ಬಂತು.

2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ನೆಲ್ಸನ್ ಮತ್ತು ವಿಲಿಯಂ ವೈಸ್ ಅವರ ಗುಂಪುಗಳು ಈ ಚಿತ್ರವನ್ನೇ ಪ್ರಶ್ನಿಸಿದವು. ಪ್ರೋಟೀನುಗಳನ್ನು ಶುದ್ಧಮಾಡಿ ಪ್ರನಾಳದಲ್ಲಿ ಒಟ್ಟಿಗೆ ಹಾಕಿ ನೋಡಿದರೆ ಸರಪಳಿ ಆಗಲೇ ಇಲ್ಲ. ಆಲ್ಫಾ-ಕ್ಯಾಟೆನಿನ್ ಬೀಟಾ-ಕ್ಯಾಟೆನಿನ್ನನ್ನು ಹಿಡಿಯುತ್ತದೆ, ಬೇರೆಯಾಗಿ ಆಕ್ಟಿನ್ನನ್ನೂ ಹಿಡಿಯುತ್ತದೆ. ಎರಡನ್ನೂ ಒಮ್ಮೆಗೇ ಹಿಡಿಯದು. ಕ್ಷೇತ್ರದಲ್ಲಿ ದೊಡ್ಡ ಗೊಂದಲವಾಯಿತು. ಜೀವಂತ ಕೋಶದಲ್ಲಿ ಆಲ್ಫಾ-ಕ್ಯಾಟೆನಿನ್ ತೆಗೆದರೆ ಅಂಟು ಹೋಗುವುದನ್ನು ಎಲ್ಲರೂ ಕಂಡಿದ್ದರು. ಅಂದ ಮೇಲೆ ಜೋಡಣೆ ಇರಲೇಬೇಕು. ಪ್ರನಾಳದಲ್ಲಿ ಮಾತ್ರ ಯಾಕಿಲ್ಲ?

ಪ್ರನಾಳದಲ್ಲಿ ಇಲ್ಲದ್ದು ಎಳೆತ. ಉತ್ತರದ ಮೊದಲ ಭಾಗ 2010ರಲ್ಲಿ ಜಪಾನಿನಿಂದ ಬಂತು. ಆ ತಂಡದಲ್ಲಿ ಹಿಂದೆ ಇ-ಕ್ಯಾಡ್‌ಹೆರಿನ್ ಜೀನಿನ ಕೆಲಸ ಮಾಡಿದ್ದ ನಗಾಫುಚಿಯವರೂ ಇದ್ದರು. ಆಲ್ಫಾ-ಕ್ಯಾಟೆನಿನ್ನಿನ ನಡುಭಾಗ ಎಳೆತಕ್ಕೆ ಸಿಕ್ಕಾಗ ಬಿಚ್ಚಿಕೊಳ್ಳುತ್ತದೆ. ಒಳಗೆ ಮಡಚಿಟ್ಟಿದ್ದ ಜಾಗ ಹೊರಕ್ಕೆ ಬಂದು ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಅಲ್ಲಿಗೆ ಅಂಟಿಕೊಳ್ಳುತ್ತದೆ. ವಿಂಕ್ಯುಲಿನ್ ತಾನೂ ಆಕ್ಟಿನ್ನನ್ನು ಹಿಡಿಯಬಲ್ಲದು. ಹಾಗೆ, ಎಳೆತ ಬಂದ ಕಡೆಗೇ ಹೆಚ್ಚಿನ ಆಸರೆ ಒದಗುತ್ತದೆ.

ಎರಡನೆಯ ಭಾಗ 2014ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದಲೇ. ಆ ಪ್ರಯೋಗದ ಅಚ್ಚುಕಟ್ಟುತನ ಹೇಳದೆ ಇರಲಾರೆ. ಒಂದೇ ಒಂದು ಆಕ್ಟಿನ್ ಎಳೆಯ ಎರಡು ತುದಿಗಳಿಗೆ ಸೂಕ್ಷ್ಮ ಮಣಿಗಳನ್ನು ಕಟ್ಟಿ, ಎರಡು ಲೇಸರ್ ಕಿರಣಗಳಿಂದ ಮಣಿಗಳನ್ನು ಹಿಡಿದು ಎಳೆಯನ್ನು ಬಿಗಿಯಾಗಿ ನಿಲ್ಲಿಸಿದರು. ಕೆಳಗಿನ ಗಾಜಿನ ಮೇಲೆ ಕ್ಯಾಡ್‌ಹೆರಿನ್, ಬೀಟಾ, ಆಲ್ಫಾ ಕ್ಯಾಟೆನಿನ್‌ಗಳ ಜೋಡಣೆಯನ್ನು ಅಂಟಿಸಿ, ಆ ವೇದಿಕೆಯನ್ನು ಎಳೆಯುದ್ದಕ್ಕೂ ಹಿಂದೆ ಮುಂದೆ ಸರಿಸಿದರು. ಸರಿಸುವಾಗ ಎಳೆತ ಹುಟ್ಟುತ್ತದೆ, ಮಣಿ ಎಷ್ಟು ಜರುಗಿತು ಎಂಬುದರಿಂದ ಆ ಎಳೆತ ಅಳೆಯಬಹುದು. ಎಳೆತವೇ ಇಲ್ಲದಿದ್ದಾಗ ಹಿಡಿತ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಟ್ಟುಹೋಗುತ್ತಿತ್ತು. ಕೆಲವು ಪಿಕೋನ್ಯೂಟನ್ ಬಲ ಬಿದ್ದರೆ ಸಡಿಲಾಗುವ ಬದಲು ಇನ್ನಷ್ಟು ಹೊತ್ತು ಉಳಿಯುತ್ತಿತ್ತು. ಬಲ ಮತ್ತೂ ಹೆಚ್ಚಿದರೆ ಕೊನೆಗೆ ಬಿಡುತ್ತಿತ್ತು. ಹಳ್ಳಿಯ ಬಾವಿಯಲ್ಲಿ ನೀರು ಸೇದುವವರು ಕೊಡದ ಕುತ್ತಿಗೆಗೆ ಹಾಕುವ ಜೀರುಗುಣಿಕೆಯೂ ಹೀಗೇ. ಕೊಡ ತುಂಬಿ ಭಾರ ಬಿದ್ದಂತೆ ಅದು ಬಿಗಿಯುತ್ತದೆ, ಕೊಡ ಕಟ್ಟೆಯ ಮೇಲೆ ಕೂತ ಕೂಡಲೇ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. 2005ರ ಪ್ರಯೋಗ ತಪ್ಪಾಗಿರಲಿಲ್ಲ. ಭಾರವಿಲ್ಲದ ಕೊಡದಲ್ಲಿ ಕುಣಿಕೆಯ ಬಿಗಿ ಹುಡುಕಿದ್ದರು ಅಷ್ಟೇ.

ಹೊರತುದಿಯಲ್ಲೂ ಇಂಥದೇ ಗುಣವಿದೆ. ಸಂಜೀವಿ ಶಿವಶಂಕರ್ ಅವರ ಗುಂಪು 2012ರಲ್ಲಿ, ಕ್ಯಾಡ್‌ಹೆರಿನ್‌ಗಳು ಒಂದನ್ನೊಂದು ಹಿಡಿಯುವ ಒಂದು ಭಂಗಿಯಲ್ಲಿ ಎಳೆದಾಗ ಬಿಗಿ ಹೆಚ್ಚುವುದನ್ನು ಒಂಟಿ ಅಣುಗಳ ಮೇಲೆ ಅಳೆದು ತೋರಿಸಿತು. ಆ ಲೇಖನದ ಮೊದಲ ಲೇಖಕ ಸಬ್ಯಸಾಚಿ ರಕ್ಷಿತ್ ಮುಂದೆ ಮೊಹಾಲಿಯ ಐಸರ್ ಸಂಸ್ಥೆ ಸೇರಿದರು.

ಬೀಟಾ-ಕ್ಯಾಟೆನಿನ್‌ಗೆ ಇನ್ನೊಂದು ಉದ್ಯೋಗವೂ ಇದೆ. ಕ್ಯಾಡ್‌ಹೆರಿನ್ನಿನಿಂದ ಬಿಡಿಯಾಗಿ ಕೋಶದಲ್ಲಿ ಉಳಿದರೆ ಸಾಮಾನ್ಯವಾಗಿ ಅದನ್ನು ಒಡನೆಯೇ ನಾಶಮಾಡಲಾಗುತ್ತದೆ. ‘ವಿಂಟ್’ ಸಂಕೇತ ಬಂದಾಗ ನಾಶ ನಿಲ್ಲುತ್ತದೆ, ಅದು ಕೋಶಕೇಂದ್ರ ಹೊಕ್ಕು ಬೆಳವಣಿಗೆಯ ಜೀನುಗಳನ್ನು ಚಾಲೂ ಮಾಡುತ್ತದೆ. ದೊಡ್ಡಕರುಳಿನ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಈ ನಾಶದ ವ್ಯವಸ್ಥೆ ಕೆಟ್ಟಿರುತ್ತದೆ. ಅದು ಬೇರೆಯೇ ಅಧ್ಯಾಯದ ಸರಕು. ಇಲ್ಲಿ ಬೇಕಾದದ್ದು ಒಂದು ಉದಾಹರಣೆ ಮಾತ್ರ. ಚರ್ಮದ ಹಾಳೆಯಲ್ಲಿ ಕೂದಲು ಹುಟ್ಟುವ ಜಾಗ ಕೆಳಮುಖವಾಗಿ ಮೊಗ್ಗಿನಂತೆ ಇಳಿಯಬೇಕಾದರೆ ಅಲ್ಲಿನ ಕೋಶಗಳು ಹಿಡಿತವನ್ನು ಹದವಾಗಿ ಸಡಿಲಿಸಬೇಕು. ಎಲೇನ್ ಫ್ಯೂಕ್ಸ್ ಅವರ ಪ್ರಯೋಗಾಲಯದಲ್ಲಿ ಕಾಲಿನ್ ಜಮೋರಾ 2003ರಲ್ಲಿ ತೋರಿಸಿದ್ದು ಇದನ್ನೇ: ಬೀಟಾ-ಕ್ಯಾಟೆನಿನ್ನಿನ ಸಂಕೇತ ಅಲ್ಲಿ ಇ-ಕ್ಯಾಡ್‌ಹೆರಿನ್ ಜೀನನ್ನು ತಗ್ಗಿಸುತ್ತದೆ, ತಗ್ಗದಿದ್ದರೆ ಮೊಗ್ಗೇ ಇಳಿಯದು. ಜಮೋರಾ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗೆ ಬಂದು ಚರ್ಮದ ಗಾಯ ಮಾಯುವ ಬಗೆಯನ್ನು ಅಭ್ಯಾಸ ಮಾಡಿದರು.

ಇನ್ನು ಡೆಸ್ಮೊಸೋಮ್‌ಗಳ ಮಾತು. ಅಲ್ಲಿನ ಅಂಟುಪ್ರೋಟೀನುಗಳೂ ಕ್ಯಾಡ್‌ಹೆರಿನ್ ಕುಟುಂಬದವೇ: ಡೆಸ್ಮೊಗ್ಲೀನ್, ಡೆಸ್ಮೊಕಾಲಿನ್. ಒಳಗೆ ಅವು ಪ್ಲಾಕೊಗ್ಲೋಬಿನ್, ಡೆಸ್ಮೊಪ್ಲಾಕಿನ್ ಮುಂತಾದವುಗಳ ಮೂಲಕ ಆಕ್ಟಿನ್ ಬದಲು ಕೆರಾಟಿನ್ ಎಳೆಗಳಿಗೆ ಜೋಡಣೆಯಾಗುತ್ತವೆ. ಕೆರಾಟಿನ್ ಎಳೆಗಳು ಕೋಶದ ಒಂದು ಬದಿಯ ಚುಕ್ಕೆಯಿಂದ ಇನ್ನೊಂದು ಬದಿಯ ಚುಕ್ಕೆಗೆ ಹಾಯುವುದರಿಂದ ಇಡೀ ಹೊರಚರ್ಮದ ಉದ್ದಗಲಕ್ಕೂ ಎಳೆತ ಹಂಚಿಹೋಗುತ್ತದೆ. ಚರ್ಮ, ಹೃದಯ ಎರಡರಲ್ಲೂ ಡೆಸ್ಮೊಸೋಮ್‌ಗಳು ಹೇರಳ. ಗ್ರೀಸ್ ದೇಶದ ನಾಕ್ಸೋಸ್ ದ್ವೀಪದ ಕೆಲವು ಮನೆತನಗಳಲ್ಲಿ ಗುಂಗುರು ಉಣ್ಣೆಗೂದಲು, ದಪ್ಪಗಟ್ಟಿದ ಅಂಗೈ-ಅಂಗಾಲು, ಜೊತೆಗೆ ಹರೆಯದಲ್ಲೇ ಪ್ರಾಣಕ್ಕೆ ಎರವಾಗುವ ಹೃದಯದ ತೊಂದರೆ ಒಟ್ಟಿಗೆ ಕಾಣಿಸಿಕೊಳ್ಳುವುದನ್ನು ಅಲ್ಲಿನ ವೈದ್ಯರು 1986ರಲ್ಲಿ ವರದಿ ಮಾಡಿದ್ದರು. ಕೂದಲಿಗೂ ಹೃದಯಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? 2000ರಲ್ಲಿ ಕಾರಣ ಸಿಕ್ಕಿತು, ಪ್ಲಾಕೊಗ್ಲೋಬಿನ್ ಜೀನಿನಲ್ಲಿ ಎರಡೇ ಅಕ್ಷರ ಬಿಟ್ಟುಹೋಗಿದ್ದವು.

ಪೆಂಫಿಗಸ್‌ನಲ್ಲಿ ಜೀನು ಸರಿಯಾಗಿಯೇ ಇರುತ್ತದೆ. ಅಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಕೊಂಡಿಯ ಮೇಲೆ ತಿರುಗಿಬೀಳುತ್ತದೆ. ರೋಗಿಗಳ ರಕ್ತದಲ್ಲಿ ಹೊರಚರ್ಮದ ಕೋಶಗಳ ಸಂದಿಗೆ ಅಂಟುವ ಪ್ರತಿಕಾಯಗಳಿರುವುದನ್ನು ಅರ್ನ್ಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜಾರ್ಡನ್ 1964ರಲ್ಲಿ ಕಂಡರು. ಗುರಿ ಯಾವ ಪ್ರೋಟೀನು ಎಂದು ತಿಳಿಯಲು 1991 ಆಗಬೇಕಾಯಿತು. ಮಸಾಯುಕಿ ಅಮಾಗಾಯ್ ಮತ್ತು ಜಾನ್ ಸ್ಟ್ಯಾನ್ಲಿ ಅದರ ಜೀನಿನ ಅನುಕ್ರಮ ಓದಿದಾಗ ಕಂಡಿದ್ದು ಕ್ಯಾಡ್‌ಹೆರಿನ್ನಿನ ಮುಖಚಹರೆ. ಅದೇ ಡೆಸ್ಮೊಗ್ಲೀನ್-3.

ಈ ಕಾಯಿಲೆ ಹೆಚ್ಚಾಗಿ ಬಾಯಿಯಲ್ಲಿ ಶುರುವಾಗುತ್ತದೆ. ತಿಂಗಳುಗಟ್ಟಲೆ ಮಾಯದ ಬಾಯಿಹುಣ್ಣು, ಖಾರ ಬಿಡಿ, ಮಜ್ಜಿಗೆ ಅನ್ನ ನುಂಗಲೂ ಕಷ್ಟ. ಹಲವರು ಹಲ್ಲಿನ ವೈದ್ಯರಲ್ಲಿ, ವಿಟಮಿನ್ ಮಾತ್ರೆಯಲ್ಲಿ ದಿನ ಕಳೆದ ಮೇಲೆ ಮೈಮೇಲೆ ಗುಳ್ಳೆಯೆದ್ದಾಗ ಸರಿಯಾದ ಜಾಗಕ್ಕೆ ಬರುತ್ತಾರೆ. ಬಾಯಿಯೇ ಮೊದಲು ಯಾಕೆ ಎಂಬುದಕ್ಕೆ ಅಣುಗಳ ಲೆಕ್ಕ ಸೊಗಸಾದ ಉತ್ತರ ಕೊಡುತ್ತದೆ. ಬಾಯಿಯ ಒಳಪದರವನ್ನು ಹಿಡಿದಿರುವುದು ಬಹುಮಟ್ಟಿಗೆ ಡೆಸ್ಮೊಗ್ಲೀನ್-3 ಒಂದೇ. ಚರ್ಮದಲ್ಲಿ ಅದರ ಜೊತೆ ಡೆಸ್ಮೊಗ್ಲೀನ್-1 ಕೂಡ ಇದೆ, ಮೇಲಿನ ಪದರಗಳಲ್ಲಿ ಹೆಚ್ಚಾಗಿ. ಪ್ರತಿಕಾಯ 3ರ ಮೇಲೆ ಮಾತ್ರ ಬಿದ್ದಾಗ ಬಾಯಿ ಸುಲಿಯುತ್ತದೆ, ಚರ್ಮವನ್ನು 1 ಕಾಪಾಡುತ್ತದೆ. 1ರ ಮೇಲೂ ಪ್ರತಿಕಾಯ ಹುಟ್ಟಿದ ದಿನ ಚರ್ಮವೂ ಕಳಚುತ್ತದೆ. ಪೆಂಫಿಗಸ್ ಫೋಲಿಯೇಸಿಯಸ್ ಎಂಬ ಇನ್ನೊಂದು ಬಗೆಯಲ್ಲಿ ಪ್ರತಿಕಾಯ 1ರ ಮೇಲೆ ಮಾತ್ರ. ಚರ್ಮದ ಮೇಲ್ಪದರ ಹೊಪ್ಪಳಿಕೆಯಾಗಿ ಏಳುತ್ತದೆ, ಬಾಯಿಗೆ ಏನೂ ಆಗುವುದಿಲ್ಲ.

ಈ ಲೆಕ್ಕ ಸರಿಯೇ ಎಂಬುದಕ್ಕೆ ಸಾಕ್ಷಿ ಬೇರೆಲ್ಲಿಂದಲೋ ಬಂತು. ಸ್ಟ್ಯಾಫಿಲೊಕಾಕಸ್ ಸೋಂಕಿನಿಂದ ಪುಟ್ಟ ಮಕ್ಕಳ ಚರ್ಮ ಸುಟ್ಟಂತೆ ಸುಲಿಯುವ ಕಾಯಿಲೆಯೊಂದಿದೆ. ಅಲ್ಲಿಯೂ ಸುಲಿಯುವುದು ಮೇಲ್ಪದರ ಮಾತ್ರ, ಬಾಯಿ ಸುರಕ್ಷಿತ. ಆ ಬ್ಯಾಕ್ಟೀರಿಯಾದ ವಿಷ ಡೆಸ್ಮೊಗ್ಲೀನ್-1ನ್ನು ನಿರ್ದಿಷ್ಟವಾಗಿ ಕತ್ತರಿಸುತ್ತದೆ ಎಂದು ಅಮಾಗಾಯ್ ತಂಡ 2000ರಲ್ಲಿ ತೋರಿಸಿತು. ಒಂದೆಡೆ ಪ್ರತಿಕಾಯ, ಇನ್ನೊಂದೆಡೆ ಕಿಣ್ವ; ಬಿದ್ದ ಪೆಟ್ಟು ಒಂದೇ ಅಣುವಿಗೆ, ಚರ್ಮ ಕಳಚುವ ಮಟ್ಟವೂ ಒಂದೇ.

ಸ್ಟೀರಾಯ್ಡ್ ಬರುವ ಮೊದಲು ಪೆಂಫಿಗಸ್ ಆದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಸ್ಟೀರಾಯ್ಡ್ ಬಂದ ಮೇಲೆ ಅದನ್ನು ದಿನವೂ ದೊಡ್ಡ ಪ್ರಮಾಣದಲ್ಲಿ ನುಂಗುವುದರಿಂದಲೇ ಹೊಸ ತೊಂದರೆಗಳು ಬಂದವು. ದೆಹಲಿಯ ಏಮ್ಸ್‌ನಲ್ಲಿ ಜೆ.ಎಸ್. ಪಸ್ರಿಚಾ 1980ರ ದಶಕದಲ್ಲಿ ಬೇರೆ ಕ್ರಮವೊಂದನ್ನು ರೂಪಿಸಿದರು: ಮೂರು ದಿನ ಡೆಕ್ಸಾಮೆಥಸೋನ್ ಡ್ರಿಪ್, ಅದರಲ್ಲಿ ಒಂದು ದಿನ ಸೈಕ್ಲೊಫಾಸ್ಫಮೈಡ್, 28 ದಿನಕ್ಕೊಮ್ಮೆ ಇದೇ ಸುತ್ತು. ದುಬಾರಿ ಸಾಧನಗಳಿಲ್ಲದ ಆಸ್ಪತ್ರೆಗಳಲ್ಲೂ ಕೊಡಬಹುದಾದ ಈ ಚಿಕಿತ್ಸೆ ದೇಶದಾದ್ಯಂತ ಬಹಳ ಜೀವ ಉಳಿಸಿದೆ. ಅದಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲವೆಂದೇ ನನ್ನ ಅನಿಸಿಕೆ. ಇತ್ತೀಚೆಗೆ ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಇಲ್ಲವಾಗಿಸುವ ರಿಟಕ್ಸಿಮ್ಯಾಬ್ ಬಂದಿದೆ. ಅಮೆರಿಕದಲ್ಲಿ ಪೆಂಫಿಗಸ್ ವಲ್ಗಾರಿಸ್‌ಗೆ ಅದು 2018ರಲ್ಲಿ ಮಂಜೂರಾಯಿತು. ಎಲ್ಲ ಬಿ ಕೋಶಗಳ ಬದಲು ಡೆಸ್ಮೊಗ್ಲೀನ್-3ರ ಮೇಲೆ ಕಣ್ಣಿಟ್ಟವನ್ನು ಮಾತ್ರ ಹುಡುಕಿ ಕೊಲ್ಲುವ ಟಿ ಕೋಶಗಳನ್ನು 2016ರಲ್ಲಿ ಪೆನ್ಸಿಲ್ವೇನಿಯಾದ ಸಂಶೋಧಕರು ತಯಾರಿಸಿದರು. ಅವರು ಬಳಸಿದ ಆಮಿಷ ಡೆಸ್ಮೊಗ್ಲೀನ್-3ರದೇ ಒಂದು ತುಂಡು.

ಮತ್ತೆ ಇ-ಕ್ಯಾಡ್‌ಹೆರಿನ್‌ಗೆ ಬರೋಣ, ಯಾಕೆಂದರೆ ಅದರ ಅತಿ ಕಠಿಣ ಪ್ರಶ್ನೆ ಇನ್ನೂ ಉಳಿದಿದೆ. ನ್ಯೂಜಿಲೆಂಡಿನ ಒಂದು ಮಾವೋರಿ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರೆಯದವರೇ ಜಠರದ ಕ್ಯಾನ್ಸರ್‌ನಿಂದ ಸಾಯುತ್ತಿದ್ದರು. ಆ ಮನೆಯವರೇ ಮುಂದೆ ಬಂದು ಒಟಾಗೋ ವಿಶ್ವವಿದ್ಯಾಲಯದ ಪ್ಯಾರಿ ಗಿಲ್ಫರ್ಡ್ ಅವರ ತಂಡದ ಜೊತೆ ಕೈಜೋಡಿಸಿದರು. 1998ರಲ್ಲಿ ಪ್ರಕಟವಾದ ಉತ್ತರ: ಇ-ಕ್ಯಾಡ್‌ಹೆರಿನ್ ಜೀನಿನಲ್ಲಿ ಹುಟ್ಟಿನಿಂದಲೇ ಬಂದ ದೋಷ. ಈ ಕ್ಯಾನ್ಸರ್ ಗಡ್ಡೆ ಕಟ್ಟುವುದಿಲ್ಲ. ಕೋಶಗಳು ಒಂದೊಂದಾಗಿ ಜಠರದ ಗೋಡೆಯೊಳಗೆ ಚದುರಿಹೋಗುತ್ತವೆ, ಎಂಡೋಸ್ಕೋಪಿಯಲ್ಲಿ ಮೇಲ್ಮೈ ನಯವಾಗಿಯೇ ಕಾಣಬಹುದು. ಆದ್ದರಿಂದ ರಕ್ತಪರೀಕ್ಷೆಯಲ್ಲಿ ದೋಷ ಕಂಡವರಿಗೆ ಕಾಯಿಲೆ ಬರುವ ಮುನ್ನವೇ ಇಡೀ ಜಠರ ತೆಗೆಸಿಕೊಳ್ಳುವ ಸಲಹೆ ಕೊಡುತ್ತಾರೆ. ಮಾವೋರಿ ಮನೆತನದ ಹಲವರು ಹಾಗೆ ಮಾಡಿಸಿಕೊಂಡು ಉಳಿದಿದ್ದಾರೆ.

ಸ್ತನದ ಲೋಬ್ಯುಲರ್ ಕ್ಯಾನ್ಸರ್‌ನಲ್ಲೂ ಇ-ಕ್ಯಾಡ್‌ಹೆರಿನ್ ಇಲ್ಲವಾಗಿರುತ್ತದೆ. ಪೆಥಾಲಜಿಯವರು ಗಾಜಿನ ಮೇಲಿನ ತೆಳು ಚೂರಿಗೆ ಇ-ಕ್ಯಾಡ್‌ಹೆರಿನ್ ಬಣ್ಣ ಹಾಕಿದಾಗ, ಡಕ್ಟಲ್ ಬಗೆಯಲ್ಲಿ ಒಂದೊಂದು ಕೋಶದ ಸುತ್ತಲೂ ಕಂದು ಅಂಚು ಕಾಣುತ್ತದೆ. ಲೋಬ್ಯುಲರ್ ಬಗೆಯಲ್ಲಿ ಆ ಅಂಚಿಲ್ಲ, ಕೋಶಗಳು ಒಂದರ ಹಿಂದೊಂದು ಸಾಲಾಗಿ ಅಂಗಾಂಶದೊಳಗೆ ನುಸುಳಿರುತ್ತವೆ.

ಇದನ್ನೆಲ್ಲ ಕಂಡವರು, ಹಿಡಿತ ತಪ್ಪಿದ ಕೋಶವೇ ದೇಹದಲ್ಲಿ ಹರಡುತ್ತದೆ ಎಂದು ಬಹುಕಾಲ ನಂಬಿದ್ದರು. ಆದರೆ ಸ್ತನದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಡಕ್ಟಲ್ ಬಗೆಯವು, ಅವು ಇ-ಕ್ಯಾಡ್‌ಹೆರಿನ್ ಉಳಿಸಿಕೊಂಡೇ ಶ್ವಾಸಕೋಶ, ಮೂಳೆಗಳಿಗೆ ಹರಡುತ್ತವೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಆಂಡ್ರ್ಯೂ ಇವಾಲ್ಡ್ ಅವರ ಪ್ರಯೋಗಾಲಯದಲ್ಲಿ ವೀಣಾ ಪದ್ಮನಾಭನ್ ಮತ್ತು ಜೊತೆಗಾರರು ಇಲಿಗಳ ಇಂಥ ಗಡ್ಡೆಗಳಲ್ಲಿ ಇ-ಕ್ಯಾಡ್‌ಹೆರಿನ್ ಜೀನನ್ನು ತೆಗೆದುಹಾಕಿ ನೋಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ನಂಬಿಕೆಯನ್ನು ಅರ್ಧಕ್ಕೆ ಕತ್ತರಿಸಿತು. ಕೊಂಡಿ ಕಳೆದುಕೊಂಡ ಕೋಶಗಳು ಗಡ್ಡೆಯಿಂದ ಹೆಚ್ಚಾಗಿ ಹೊರನುಗ್ಗಿದವು, ಅದು ನಿರೀಕ್ಷಿಸಿದಂತೆಯೇ. ಆದರೆ ದಾರಿಯಲ್ಲೇ ಬಹುಪಾಲು ಸತ್ತವು. ದೂರದ ಅಂಗದಲ್ಲಿ ಹೊಸ ಗಡ್ಡೆ ಕಟ್ಟಿದ್ದು ತೀರ ಕಡಿಮೆ. ಒಂಟಿಯಾದ ಕೋಶದಲ್ಲಿ ಉತ್ಕರ್ಷಣದ ಒತ್ತಡ ಏರಿ, ಅದು ತನ್ನನ್ನೇ ಕೊಂದುಕೊಳ್ಳುವ ವ್ಯವಸ್ಥೆ ಚಾಲೂ ಆಗುತ್ತಿತ್ತು. ಗುಂಪಾಗಿ ಹೊರಟವಕ್ಕೆ ಆ ಕೊಂಡಿಯೇ ದಾರಿಯಲ್ಲಿ ರಕ್ಷೆಯಾಗಿತ್ತು.

ಹಾಗಿದ್ದರೆ ಕೊಂಡಿಯೇ ಇಲ್ಲದ ಲೋಬ್ಯುಲರ್ ಕ್ಯಾನ್ಸರ್ ದಾರಿಯಲ್ಲಿ ಸಾಯದೆ, ಕೆಲವೊಮ್ಮೆ ಚಿಕಿತ್ಸೆ ಮುಗಿದು ಎಷ್ಟೋ ವರ್ಷಗಳ ಮೇಲೆ ಅಂಡಾಶಯದಲ್ಲೋ ಜಠರದ ಗೋಡೆಯಲ್ಲೋ ಕಾಣಿಸಿಕೊಳ್ಳುವುದು ಹೇಗೆ? ಆ ಕೋಶಗಳು ಕ್ಯಾಡ್‌ಹೆರಿನ್ ಕೊಡುತ್ತಿದ್ದ ರಕ್ಷೆಗೆ ಬದಲಾಗಿ ಯಾವುದನ್ನು ನೆಚ್ಚಿಕೊಂಡಿವೆ ಎಂದು ಹುಡುಕುತ್ತಿರುವ ಪ್ರಯೋಗಾಲಯಗಳು ಇಂದು ಹಲವು. ಅದು ಸಿಕ್ಕಿದರೆ ಅದನ್ನೇ ಗುರಿಮಾಡಿದ ಔಷಧ ಸಾಧ್ಯ: ಕೊಂಡಿ ಉಳಿದಿರುವ ಆರೋಗ್ಯವಂತ ಕೋಶಗಳಿಗೆ ಅದರಿಂದ ಹೆಚ್ಚಿನ ಹಾನಿಯಾಗದು, ಕೊಂಡಿ ಕಳೆದುಕೊಂಡವು ಮಾತ್ರ ಸಾಯುತ್ತವೆ.